ಗಾಳದ ಕಟ್ಟಳೆಗಳೂ ಮೀನಿನ ಸಾಕ್ಷ್ಯವೂ

ಹಕ್ಕಿಯ ಪುಕ್ಕ, ಪ್ರಾಣಿಯ ತುಪ್ಪಳ, ರೇಷ್ಮೆಯ ನೂಲು ಇವುಗಳನ್ನು ಚಿಕ್ಕ ಗಾಳವೊಂದಕ್ಕೆ ಸುತ್ತಿ, ನೀರಿನ ಕೀಟವನ್ನು ಹೋಲುವ ಕೃತಕ ನೊಣವನ್ನು ಕಟ್ಟಿ, ಅದನ್ನು ತೂಕವಿರುವ ದಾರದ ಬೀಸಿನಿಂದ ಮೀನಿನ ಮುಂದೆ ಹಗುರವಾಗಿ ಇಳಿಸುವ ವಿದ್ಯೆಗೆ ಫ್ಲೈ ಫಿಶಿಂಗ್ ಎಂದು ಹೆಸರು. ಇಂಗ್ಲೆಂಡಿನಲ್ಲಿ 1496ರಷ್ಟು ಹಿಂದೆಯೇ ಅಚ್ಚಾದ ಗ್ರಂಥವೊಂದು ಇಂತಹ 12 ನೊಣಗಳನ್ನು ಕಟ್ಟುವ ಬಗೆಯನ್ನು ಹೇಳಿದೆ. ಅಲ್ಲಿಂದ ಈಚೆಗೆ ಈ ಹವ್ಯಾಸದ ಸುತ್ತ ಪುಸ್ತಕಗಳು, ಕಟ್ಟಳೆಗಳು, ಹಿರಿಯರ ಎಚ್ಚರಿಕೆಯ ಮಾತುಗಳು ಹೇರಳವಾಗಿ ಬೆಳೆದಿವೆ. ಯಾವ ತಿಂಗಳಿಗೆ ಯಾವ ನೊಣ, ಯಾವ ದಿಕ್ಕಿನಿಂದ ಮೀನಿನ ಬಳಿ ಸಾರಬೇಕು, ಮಾತನಾಡಬಹುದೇ, ಹಿಡಿದ ಮೀನನ್ನು ಏನು ಮಾಡಬೇಕು ಎಂಬ ಪ್ರತಿಯೊಂದಕ್ಕೂ ಸಿದ್ಧ ಉತ್ತರವಿದೆ. ಈ ಉತ್ತರಗಳಲ್ಲಿ ಯಾವುದನ್ನು ಒಪ್ಪಬೇಕು, ಯಾವುದನ್ನು ಯಾವಾಗ ಪ್ರಶ್ನಿಸಬೇಕು ಎಂಬುದು ಇಲ್ಲಿನ ವಿಚಾರ.

ಇಂತಹ ಕಟ್ಟಳೆಗಳಿಗೆ ದೀರ್ಘಾಯುಷ್ಯ ಸಿಗಲು ಒಂದು ಸಹಜ ಕಾರಣವಿದೆ. ನೀರಿನೊಳಗೆ ನಡೆಯುವುದರ ಬಹುಭಾಗ ಗಾಳ ಹಾಕುವವನಿಗೆ ಕಾಣುವುದಿಲ್ಲ. ಮೀನು ನೊಣವನ್ನು ನಿರಾಕರಿಸಿದರೆ ಏಕೆ ನಿರಾಕರಿಸಿತು ಎಂಬುದೂ ತಿಳಿಯುವುದಿಲ್ಲ. ಹೀಗಾಗಿ ಕಟ್ಟಳೆಯಂತೆ ನಡೆದು ಮೀನು ಸಿಕ್ಕರೆ ಆ ಕೀರ್ತಿ ಕಟ್ಟಳೆಗೆ ಸಲ್ಲುತ್ತದೆ, ಸಿಗದಿದ್ದರೆ ದೋಷವು ಕೈಚಳಕದ ಮೇಲೋ ಹವಾಮಾನದ ಮೇಲೋ ಬೀಳುತ್ತದೆ. ತಪ್ಪೆಂದು ತೋರುವ ಅವಕಾಶವೇ ಇಲ್ಲದ ಮಾತು ಎಷ್ಟು ತಲೆಮಾರು ಉಳಿದುಬಂದಿದ್ದರೂ ಆ ಉಳಿವು ಅದರ ಸತ್ಯಕ್ಕೆ ಪುರಾವೆಯಾಗಲಾರದು. ಹಾಗೆಂದು ಹಳೆಯದೆಲ್ಲವನ್ನೂ ಸಂಶಯಿಸುವುದರಲ್ಲಿಯೂ ವಿವೇಕವಿಲ್ಲ, ಏಕೆಂದರೆ ಆ ಮಾತುಗಳಲ್ಲಿ ಅನೇಕವು ದಶಕಗಳ ನಿಕಟ ವೀಕ್ಷಣೆಯಿಂದ ಬಂದಂಥವು. ಕಟ್ಟಳೆಯೊಂದು ಹುಟ್ಟಿದ ನೀರಿನ ಸ್ಥಿತಿ ಎದುರಿಗಿನ ನದಿಯಲ್ಲಿ ಇಲ್ಲದಾಗ, ಅಥವಾ ‘ಇದರಿಂದ ಮೀನು ಸಿಗುತ್ತದೆ’ ಎಂದು ಆರಂಭವಾದ ಸಮರ್ಥನೆ ‘ಇದೇ ಸಭ್ಯರ ಪದ್ಧತಿ’ ಎಂಬಲ್ಲಿಗೆ ಸದ್ದಿಲ್ಲದೆ ಜಾರಿದಾಗ, ಅದನ್ನು ಪ್ರಶ್ನಿಸಲೇಬೇಕಾಗುತ್ತದೆ. ಪ್ರಶ್ನಿಸುವವನು ತರಬೇಕಾದ ಸಾಕ್ಷ್ಯವೂ ತನ್ನ ಚೀಲ ತುಂಬಿದ ಕಥೆಯಾಗಿರದೆ ಮೀನಿನ ಕಡೆಯಿಂದ ಬಂದದ್ದಾಗಿರಬೇಕು.

ಸಮರ್ಥನೆ ಹೀಗೆ ಜಾರುವುದಕ್ಕೂ ಮೀನಿನ ಕಡೆಯ ಸಾಕ್ಷ್ಯಕ್ಕೂ ತಕ್ಕ ಉದಾಹರಣೆ ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಶೈರ್ ಪ್ರಾಂತ್ಯದ ಟೆಸ್ಟ್ ಮತ್ತು ಇಚೆನ್ ನದಿಗಳಲ್ಲಿ ಸಿಗುತ್ತದೆ. ಇವುಗಳಿಗೆ ಚಾಕ್ ಸ್ಟ್ರೀಮ್ ಎಂಬ ಹೆಸರಿದೆ. ಮಳೆಯ ನೀರು ಸುಣ್ಣದಂಥ ಬಿಳಿಯ ಮೆದುಕಲ್ಲಿನ ಪದರಗಳೊಳಗೆ ಇಂಗಿ, ತಿಂಗಳುಗಟ್ಟಲೆ ಅಲ್ಲಿಯೇ ಶೇಖರವಾಗಿ, ಒರತೆಗಳ ಮೂಲಕ ನಿಧಾನವಾಗಿ ಹೊರಬರುವುದರಿಂದ ಈ ನದಿಗಳಲ್ಲಿ ಹಠಾತ್ ಪ್ರವಾಹ ಅಪರೂಪ, ನೀರು ಕನ್ನಡಿಯಷ್ಟು ತಿಳಿ, ಉಷ್ಣತೆಯಲ್ಲಿಯೂ ಏರಿಳಿತ ಕಡಿಮೆ. ಸುಣ್ಣದ ಅಂಶವಿರುವ ಇಂತಹ ನೀರಿನಲ್ಲಿ ಜಲಸಸ್ಯಗಳು ದಟ್ಟವಾಗಿ ಬೆಳೆದು ಮೇಫ್ಲೈ ಜಾತಿಯ ಕೀಟಗಳು ಹೇರಳವಾಗಿ ಹುಟ್ಟುತ್ತವೆ. ಈ ಕೀಟಗಳು ಮರಿಹುಳುವಿನ ಅವಸ್ಥೆಯನ್ನು ನೀರಿನ ತಳದಲ್ಲಿ ಕಳೆದು, ನಂತರ ಮೇಲ್ಮೈಗೆ ಬಂದು ಪೊರೆ ಕಳಚಿ, ರೆಕ್ಕೆ ಒಣಗುವವರೆಗೆ ನೀರಿನ ಮೇಲೆ ತೇಲುತ್ತವೆ. ಆಹಾರ ಒಂದೇ ಜಾಡಿನಲ್ಲಿ ತೇಲಿ ಬರುವುದರಿಂದ ಟ್ರೌಟ್ ಮೀನು ಒಂದೇ ಜಾಗದಲ್ಲಿ ನೆಲೆನಿಂತು, ಮೂತಿಯನ್ನು ಮೇಲಕ್ಕೆತ್ತಿ ಒಂದೊಂದನ್ನೇ ಹೆಕ್ಕುತ್ತದೆ. ಫ್ರೆಡರಿಕ್ ಹಾಲ್ಫರ್ಡ್ (1844–1914) ತನ್ನ ಸ್ನೇಹಿತ ಜಾರ್ಜ್ ಸೆಲ್ವಿನ್ ಮ್ಯಾರಿಯಟ್‌ನ ನೆರವಿನಿಂದ ರೂಪಿಸಿ, 1886 ಮತ್ತು 1889ರಲ್ಲಿ ಹೊರಬಂದ ಎರಡು ಗ್ರಂಥಗಳಲ್ಲಿ ಮಂಡಿಸಿದ ಡ್ರೈ ಫ್ಲೈ ಪದ್ಧತಿ ಈ ನೀರಿಗೆ ಅಳತೆಮಾಡಿ ಹೊಲಿದಂತಿತ್ತು. ಮೀನು ಮೇಲಕ್ಕೆ ಬಂದು ಉಣ್ಣುವುದನ್ನು ಮೊದಲು ಕಣ್ಣಾರೆ ಕಾಣಬೇಕು, ಆ ಹೊತ್ತಿನಲ್ಲಿ ಅದು ತಿನ್ನುತ್ತಿರುವ ಕೀಟ ಯಾವುದೆಂದು ಗುರುತಿಸಬೇಕು, ಅದರ ಪ್ರತಿಕೃತಿಯಾದ ಒಣ ನೊಣವನ್ನು ಪ್ರವಾಹದ ಮೇಲುಗಡೆಗೆ ಬೀಸಿ ನೀರಿನ ಮೇಲೆ ತೇಲಿಬಿಡಬೇಕು ಎಂಬುದು ಅದರ ಸಾರ. ಹಾಲ್ಫರ್ಡ್‌ನನ್ನು ಮೂಢ ಸಂಪ್ರದಾಯವಾದಿಯೆಂದು ಚಿತ್ರಿಸುವ ರೂಢಿ ಮುಂದೆ ಬೆಳೆಯಿತಾದರೂ ಅದು ಅವನಿಗೆ ಮಾಡುವ ಅನ್ಯಾಯವೇ ಸರಿ. ಕೀಟಗಳನ್ನು ಹಿಡಿದು, ಬಣ್ಣಗಳನ್ನು ಹೋಲಿಸಿ, ವರ್ಷಗಳ ಕಾಲ ನದಿಯ ದಂಡೆಯಲ್ಲಿದ್ದು ಬರೆದವನು ಅವನು; ಮಾದರಿಗಳ ಸಂಖ್ಯೆ ಮಿತಿಮೀರಿದೆಯೆಂದು ಕಂಡಾಗ 1910ರ ಕೃತಿಯಲ್ಲಿ ತಾನೇ ಅವನ್ನು 33ಕ್ಕೆ ಇಳಿಸಿದನು.

ತೊಡಕು ಹುಟ್ಟಿದ್ದು ಆ ಪದ್ಧತಿಯು ನಿಷೇಧವಾಗಿ ಮಾರ್ಪಟ್ಟಾಗ. ಹಾಲ್ಫರ್ಡ್‌ನ ಅನುಯಾಯಿಗಳ ನಡುವೆ, ನೊಣವನ್ನು ನೀರಿನೊಳಗೆ ಮುಳುಗಿಸಿ ಹಿಡಿಯುವ ವೆಟ್ ಫ್ಲೈ ವಿಧಾನವು ಚಾಕ್ ನದಿಗಳಲ್ಲಿ ಕೇವಲ ನಿಷ್ಫಲವಷ್ಟೇ ಅಲ್ಲ, ಅಗೌರವದ ನಡತೆಯೂ ಹೌದೆಂಬ ಭಾವನೆ ಬೇರೂರಿತು. ಈ ಎರಡು ಆಕ್ಷೇಪಗಳು ಒಂದೇ ಉಸಿರಿನಲ್ಲಿ ಬಂದಾಗ ಓದುಗನು ಎಚ್ಚರಗೊಳ್ಳಬೇಕು: ನಿಜವಾಗಿ ನಿಷ್ಫಲವಾದ ವಿಧಾನವನ್ನು ನಿಷೇಧಿಸುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಲಂಡನ್ನಿನ ಸಾಲಿಸಿಟರ್ ಜಿ. ಇ. ಎಂ. ಸ್ಕ್ಯೂಸ್ (1858–1949) ವಿಂಚೆಸ್ಟರ್ ಪಟ್ಟಣದ ಹತ್ತಿರದ ಇಚೆನ್ ನದಿಯಲ್ಲಿ ದಶಕಗಳ ಕಾಲ ಗಾಳ ಹಾಕಿದವನು. ಬಾಲ ಮತ್ತು ಬೆನ್ನನ್ನು ಮಾತ್ರ ತೋರಿಸಿ ಮರಳುವ ಅನೇಕ ಟ್ರೌಟ್‌ಗಳು ತೇಲುವ ಕೀಟವನ್ನು ತಿನ್ನುತ್ತಲೇ ಇಲ್ಲ, ಮೇಲ್ಮೈಯ ಕೆಳಗೆ ಈಜುತ್ತ ಬರುವ ಮರಿಹುಳುವನ್ನು, ಅಂದರೆ ನಿಂಫ್ ಎಂಬ ಅವಸ್ಥೆಯನ್ನು ತಿನ್ನುತ್ತಿವೆ ಎಂಬ ನಿರ್ಣಯಕ್ಕೆ ಬಂದನು. 1910ರಲ್ಲಿ ಹೊರಬಂದ ಅವನ ಮೊದಲ ಕೃತಿಯು ಡ್ರೈ ಫ್ಲೈ ಪದ್ಧತಿಯನ್ನು ತೊಡೆದುಹಾಕಲು ಹೊರಡದೆ, ಅದರ ಪಕ್ಕದಲ್ಲಿ ಪೂರಕ ವಿಧಾನವೊಂದಕ್ಕೆ ಜಾಗ ಕೇಳಿತು. ಆ ವಿನಯದ ಹಿಂದಿದ್ದ ಸಾಕ್ಷ್ಯ ಮಾತ್ರ ಬಲವಾದದ್ದು. ಮೂಳೆಯೊಳಗಿನ ನೆಣವನ್ನು ತೆಗೆಯಲು ಊಟದ ಮೇಜಿನಲ್ಲಿ ಬಳಸುವ, ಉದ್ದವೂ ಇಕ್ಕಟ್ಟೂ ಆದ ಚಮಚವೊಂದನ್ನು ಅವನು ಸತ್ತ ಟ್ರೌಟಿನ ಗಂಟಲಿನ ಮೂಲಕ ಹೊಟ್ಟೆಯೊಳಗೆ ಇಳಿಸಿ, ಹೊರಬಂದುದನ್ನು ಬಿಳಿಯ ತಟ್ಟೆಯ ನೀರಿನಲ್ಲಿ ಬಿಡಿಸಿ ನೋಡುತ್ತಿದ್ದನು. ಕಪ್ಪಗೆ ಮುದ್ದೆಯಾಗಿ ಕಾಣುತ್ತಿದ್ದುದು ನೀರಿನಲ್ಲಿ ಬಿಡಿಬಿಡಿಯಾದಾಗ, ಇನ್ನೂ ಬಿಚ್ಚಿಕೊಳ್ಳದ ರೆಕ್ಕೆಯ ಮೊಗ್ಗುಗಳನ್ನು ಬೆನ್ನ ಮೇಲೆ ಹೊತ್ತ ಮರಿಹುಳುಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತಿದ್ದವು. ಮೀನು ಏನನ್ನು ತಿನ್ನಬೇಕು ಎಂಬ ಸಿದ್ಧಾಂತಕ್ಕೆ ಮೀನು ಏನನ್ನು ತಿಂದಿದೆ ಎಂಬುದೇ ಅಲ್ಲಿ ಉತ್ತರವಾಗಿತ್ತು.

ಇಷ್ಟಾದ ಮೇಲೂ ವಿವಾದ ನಿಲ್ಲಲಿಲ್ಲ. 1938ರಲ್ಲಿ ಲಂಡನ್ನಿನ ಫ್ಲೈಫಿಶರ್ಸ್ ಕ್ಲಬ್ಬಿನಲ್ಲಿ ನಿಂಫ್ ವಿಧಾನದ ಮೇಲೆ ಔಪಚಾರಿಕ ಚರ್ಚೆ ನಡೆದು, ಎಂಬತ್ತರ ಹೊಸ್ತಿಲಿನಲ್ಲಿದ್ದ ಸ್ಕ್ಯೂಸ್ ತನ್ನ ಪಕ್ಷವನ್ನು ಸಮರ್ಥಿಸಿಕೊಳ್ಳಬೇಕಾಯಿತು. ಆ ಹೊತ್ತಿಗೆ ವಿಧಾನದ ಪರಿಣಾಮದ ಬಗ್ಗೆ ಪ್ರಾಮಾಣಿಕ ಸಂಶಯ ಉಳಿದಿರಲಿಲ್ಲ. ಉಳಿದಿದ್ದುದು ಆಟದ ಮರ್ಯಾದೆಯ ಪ್ರಶ್ನೆ. ಮರ್ಯಾದೆಯ ನಿಯಮಗಳನ್ನು ಇಟ್ಟುಕೊಳ್ಳುವ ಹಕ್ಕು ಪ್ರತಿಯೊಂದು ಕ್ಲಬ್ಬಿಗೂ ಉಂಟು, ಕ್ರೀಡೆಯನ್ನು ಕಷ್ಟಗೊಳಿಸಿಕೊಳ್ಳುವುದರಲ್ಲಿ ಸುಖವೂ ಉಂಟು. ಆದರೆ ಅಂಥ ನಿಯಮವು ನಿಸರ್ಗದ ಕುರಿತ ತಿಳಿವಳಿಕೆಯ ವೇಷ ತೊಟ್ಟು ಬಂದರೆ ಎರಡೂ ಕೆಡುತ್ತವೆ. ನದಿಪಾಲಕನಾಗಿದ್ದ ಫ್ರಾಂಕ್ ಸಾಯರ್ (1906–1980) ವಿಲ್ಟ್‌ಶೈರಿನ ಏವನ್ ನದಿಯ ದಂಡೆಯಲ್ಲಿ ಇದೇ ವಿಚಾರವನ್ನು ಇನ್ನೊಂದು ಹೆಜ್ಜೆ ಮುಂದೊಯ್ದನು. ನೊಣಕ್ಕೆ ಪುಕ್ಕದ ಎಳೆಗಳಿಂದ ಕಾಲುಗಳನ್ನು ಕಟ್ಟಲೇಬೇಕೆಂಬುದು ಅಲ್ಲಿಯವರೆಗಿನ ರೂಢಿ. ಈಜುವ ಮರಿಹುಳು ತನ್ನ ಕಾಲುಗಳನ್ನು ಮೈಗೆ ಒತ್ತಿಕೊಂಡಿರುತ್ತದೆ ಎಂಬುದನ್ನು ಕಣ್ಣಿಟ್ಟು ನೋಡಿದ ಸಾಯರ್ ಕಾಲುಗಳನ್ನೇ ಕೈಬಿಟ್ಟು, ನೂಲಿನ ಬದಲು ತೆಳುವಾದ ತಾಮ್ರದ ತಂತಿಯಿಂದ ಫೆಸೆಂಟ್ ಹಕ್ಕಿಯ ಬಾಲದ ಎಳೆಗಳನ್ನು ಸುತ್ತಿದನು. ತಂತಿಯ ತೂಕದಿಂದ ನೊಣ ತಾನಾಗಿ ಮುಳುಗಿತು. ಟ್ರೌಟ್ ಇರುವ ದೇಶಗಳಲ್ಲೆಲ್ಲ ಆ ಫೆಸೆಂಟ್ ಟೇಲ್ ನಿಂಫ್ ಇಂದಿಗೂ ಬಳಕೆಯಲ್ಲಿದೆ.

ಕಟ್ಟಳೆಯು ನೀರು ಬದಲಾಯಿಸಿದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಥಿಯೋಡರ್ ಗೋರ್ಡನ್ನನ (1854–1915) ನಡೆ ಒಳ್ಳೆಯ ನಿದರ್ಶನ. ಹಾಲ್ಫರ್ಡ್ 1890ರಲ್ಲಿ ಅವನಿಗೆ ತನ್ನ ನೊಣಗಳ ಮಾದರಿಗಳನ್ನು ಅಂಚೆಯಲ್ಲಿ ಕಳುಹಿಸಿದ್ದನು. ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಬೆಟ್ಟಗಳ ನದಿಗಳಲ್ಲಿ ನೀರಿನ ಸೆಳೆತ ಹೆಚ್ಚು, ಕೀಟಗಳ ಜಾತಿಗಳೂ ಬೇರೆ. ಆದ್ದರಿಂದ ಗೋರ್ಡನ್ ತೇಲುವ ನೊಣದ ತತ್ತ್ವವನ್ನು ಉಳಿಸಿಕೊಂಡು, ಅಲ್ಲಿಯ ಕೀಟಗಳ ಬಣ್ಣಕ್ಕೂ ಅಲ್ಲಿಯ ಅಲೆಗಳ ಬಲಕ್ಕೂ ತಕ್ಕಂತೆ ಬೇರೆ ನೊಣಗಳನ್ನು ಕಟ್ಟಿದನು. ಗುರುವಿನ ಮಾತಿನಲ್ಲಿ ಎಲ್ಲ ನೀರಿಗೂ ಹೊಂದುವುದು ಎಷ್ಟು, ಹ್ಯಾಂಪ್‌ಶೈರಿಗೆ ಮಾತ್ರ ಹೊಂದುವುದು ಎಷ್ಟು ಎಂದು ಬೇರ್ಪಡಿಸುವ ಈ ಕೆಲಸ ಧಿಕ್ಕರಿಸುವುದಕ್ಕಿಂತ ಕಠಿಣವಾದದ್ದು, ಹೆಚ್ಚು ಫಲ ಕೊಡುವಂಥದ್ದು.

ಬೇರ್ಪಡಿಸುವ ಕೆಲಸವನ್ನು ಪ್ರಯೋಗದಿಂದಲೇ ಮಾಡಿದವನು ಆಲ್‌ಫ್ರೆಡ್ ರೊನಾಲ್ಡ್ಸ್. 1836ರಲ್ಲಿ ಪ್ರಕಟವಾದ ಕೀಟಶಾಸ್ತ್ರದ ತನ್ನ ಪುಸ್ತಕಕ್ಕಾಗಿ ಅವನು ಸ್ಟಾಫರ್ಡ್‌ಶೈರಿನ ಬ್ಲೈತ್ ನದಿಯ ದಂಡೆಯಲ್ಲಿ ಚಿಕ್ಕ ವೀಕ್ಷಣಾಗೃಹವೊಂದನ್ನು ಕಟ್ಟಿಸಿ, ಒಳಗೆ ಅಡಗಿ ಟ್ರೌಟ್‌ಗಳನ್ನು ನೋಡುತ್ತಿದ್ದನು. ಮಾತಿನ ಸದ್ದಿಗೆ ಮೀನು ಓಡುತ್ತದೆ ಎಂಬ ನಂಬಿಕೆಯನ್ನು ಪರೀಕ್ಷಿಸಲು, ಮೀನಿಗೆ ಕಾಣದಂತೆ ಮರೆಯಲ್ಲಿ ನಿಂತು ಬಂದೂಕು ಹಾರಿಸುವ ಏರ್ಪಾಡು ಮಾಡಿದನು, ಮೀನುಗಳು ಕದಲಲಿಲ್ಲ. ಗಾಳಿಯಲ್ಲಿ ಹುಟ್ಟಿದ ಶಬ್ದದ ಬಹುಪಾಲು ನೀರಿನ ಮೇಲ್ಮೈಯಿಂದ ಹಿಂದಕ್ಕೆ ಪುಟಿಯುತ್ತದೆ ಎಂಬ ಭೌತಶಾಸ್ತ್ರದ ವಿವರಣೆ ಇದಕ್ಕೆ ಹೊಂದುತ್ತದೆ. ಹಾಗಾದರೆ ‘ದಂಡೆಯಲ್ಲಿ ಸದ್ದು ಮಾಡಬೇಡ’ ಎಂಬ ಹಿರಿಯರ ಮಾತು ಪೂರ್ತಿ ಸುಳ್ಳೇ? ಹಾಗೇನೂ ಇಲ್ಲ. ಭಾರವಾದ ಹೆಜ್ಜೆಯ ಅದುರು ನೆಲದ ಮೂಲಕ ನೀರಿಗೆ ತಲುಪುತ್ತದೆ, ಅದನ್ನು ಮೀನು ತನ್ನ ಪಕ್ಕೆಯುದ್ದಕ್ಕೂ ಇರುವ ಸಂವೇದನಾರೇಖೆಯಿಂದ ಗ್ರಹಿಸುತ್ತದೆ. ಪಿಸುಮಾತಿನ ಕಟ್ಟುನಿಟ್ಟನ್ನು ಕೈಬಿಡಬಹುದು, ಹೆಜ್ಜೆಯ ಎಚ್ಚರವನ್ನು ಕೈಬಿಡಲಾಗದು. ಒಂದೇ ಗಾದೆಯಂತೆ ಉಳಿದುಬಂದ ಮಾತಿನೊಳಗೆ ಎರಡು ಬೇರೆ ಬೇರೆ ಹೇಳಿಕೆಗಳು ಅಡಗಿದ್ದವು ಎಂಬುದು ಇಲ್ಲಿ ತಿಳಿಯುತ್ತದೆ.

ಪ್ರಶ್ನಿಸಿ ಹೆಚ್ಚು ಲಾಭವಿಲ್ಲದ ಕಟ್ಟಳೆಗಳೂ ಇವೆ. ಮೀನಿನ ಹಿಂದುಗಡೆಯಿಂದ, ಮೈ ಬಗ್ಗಿಸಿ ಸಾರಬೇಕೆಂಬ ಮಾತು ಅವುಗಳಲ್ಲಿ ಒಂದು. ಗಾಳಿಯಿಂದ ನೀರಿಗೆ ಬರುವ ಬೆಳಕು ಬಾಗುವ ರೀತಿಯಿಂದಾಗಿ, ಮೀನಿಗೆ ಹೊರಜಗತ್ತು ತಲೆಯ ಮೇಲಿನ ಒಂದು ವರ್ತುಲದ ಮೂಲಕ ಮಾತ್ರ ಕಾಣುತ್ತದೆ. ಆ ಕಿಂಡಿಯ ಕೋನ ಸುಮಾರು 97 ಡಿಗ್ರಿ, ಅದರ ಅಗಲ ಮೀನು ನಿಂತ ಆಳದ ಎರಡೂಕಾಲು ಪಟ್ಟಿನಷ್ಟು. ನೀರಿನ ಮಟ್ಟಕ್ಕೆ ಹತ್ತಿರವಿರುವ ವಸ್ತುಗಳು ಆ ವರ್ತುಲದ ಅಂಚಿನಲ್ಲಿ ಚಪ್ಪಟೆಯಾಗಿ, ಮಸುಕಾಗಿ ಕಾಣುವುದರಿಂದ ಬಗ್ಗಿದವನು ಮರೆಯಾಗುತ್ತಾನೆ, ನಿಂತವನು ಬಯಲಾಗುತ್ತಾನೆ. ಟ್ರೌಟ್ ಪ್ರವಾಹಕ್ಕೆ ಮುಖಮಾಡಿ ನಿಲ್ಲುವುದರಿಂದ ಹಿಂಬದಿಯ ದಾರಿ ಸುರಕ್ಷಿತ. ನದಿ, ದೇಶ, ಋತು ಯಾವುದು ಬದಲಾದರೂ ಈ ಕಾರಣಗಳು ಬದಲಾಗುವುದಿಲ್ಲ. ಒಂದು ಸಂಜೆ ನೆಟ್ಟಗೆ ನಿಂತವನಿಗೆ ಮೀನು ಸಿಕ್ಕಿತೆಂಬುದರಿಂದ ಇದು ಅಲುಗಾಡದು; ನೀರು ಕದಡಿದ್ದಿರಬಹುದು, ಬೆಳಕು ಕುಂದಿದ್ದಿರಬಹುದು, ಮೀನು ಹಸಿದಿದ್ದಿರಬಹುದು. ಒಂದು ದಿನದ ಯಶಸ್ಸನ್ನು ಹಿಡಿದು ಕಟ್ಟಳೆಯನ್ನು ಮುರಿಯುವವನು, ಒಂದು ದಿನದ ಯಶಸ್ಸನ್ನು ಹಿಡಿದು ಕಟ್ಟಳೆಯನ್ನು ಮಾಡಿದವನ ತಪ್ಪನ್ನೇ ಮತ್ತೆ ಮಾಡುತ್ತಾನೆ.

ಇಲ್ಲಿಯವರೆಗಿನ ಉದಾಹರಣೆಗಳಲ್ಲಿ ತಪ್ಪಿನ ಬೆಲೆ ಬರಿಗೈಯಲ್ಲಿ ಮನೆಗೆ ಮರಳುವುದಷ್ಟೆ. ತಪ್ಪಿನ ಬೆಲೆಯನ್ನು ಮೀನು ತೆರಬೇಕಾದಲ್ಲಿ ಪ್ರಶ್ನಿಸುವ ಹೊಣೆ ಬೇರೆ ಮಟ್ಟದ್ದು. ಅಮೆರಿಕದ ಲೀ ವುಲ್ಫ್ 1939ರ ತನ್ನ ಪುಸ್ತಕದಲ್ಲಿ ಒತ್ತಿ ಹೇಳಿದ, ಹಿಡಿದ ಮೀನನ್ನು ಜೀವಂತವಾಗಿ ಮರಳಿ ಬಿಡಬೇಕೆಂಬ ವಿಚಾರವು ಮುಂದೆ ಈ ಕ್ರೀಡೆಯ ಆತ್ಮಸಾಕ್ಷಿಯೇ ಆಯಿತು. ಬಿಟ್ಟ ಮೀನು ಈಜಿಹೋದರೆ ಅದು ಬದುಕಿತೆಂದು ತಿಳಿಯುವುದು ಅದರ ಜೊತೆಗೆ ಬೆಳೆದುಬಂದ ರೂಢಿಯ ನಂಬಿಕೆ. 1992ರಲ್ಲಿ ಪ್ರಕಟವಾದ ಫರ್ಗ್ಯುಸನ್ ಮತ್ತು ಟಫ್ಟ್ಸ್ ಅವರ ಪ್ರಯೋಗದಲ್ಲಿ, ದಣಿಯುವವರೆಗೆ ಅಟ್ಟಿಸಿದ ರೇನ್‌ಬೋ ಟ್ರೌಟ್‌ಗಳ ಪೈಕಿ ನೀರಿನಲ್ಲಿಯೇ ಉಳಿದವುಗಳಲ್ಲಿ ಶೇಕಡ 88ರಷ್ಟು 12 ಗಂಟೆಗಳ ನಂತರವೂ ಬದುಕಿದ್ದವು. 30 ಸೆಕೆಂಡು ಗಾಳಿಯಲ್ಲಿ ಹಿಡಿದವುಗಳಲ್ಲಿ ಶೇಕಡ 62, 60 ಸೆಕೆಂಡು ಹಿಡಿದವುಗಳಲ್ಲಿ ಶೇಕಡ 28 ಮಾತ್ರ ಉಳಿದವು. ರಕ್ತದ ಮಾದರಿಗಾಗಿ ಆ ಮೀನುಗಳಿಗೆ ಮೊದಲೇ ನಳಿಕೆ ಅಳವಡಿಸಲಾಗಿತ್ತಾದ್ದರಿಂದ ಈ ಅಂಕಿಗಳನ್ನು ನದಿಗೆ ಯಥಾವತ್ತಾಗಿ ಹಚ್ಚುವುದು ಸರಿಯಲ್ಲ. ಹಾಗಿದ್ದರೂ ಛಾಯಾಚಿತ್ರಕ್ಕಾಗಿ ಮೀನನ್ನು ಎತ್ತಿ ಹಿಡಿಯುವ ಪದ್ಧತಿಯನ್ನು ಬಿಡಲು ಇಷ್ಟು ಸಾಕ್ಷ್ಯ ಸಾಕು, ಏಕೆಂದರೆ ಇಲ್ಲಿ ಸಂಶಯವು ಮನುಷ್ಯನಿಂದ ಕೇಳುವುದು ಒಂದು ಚಿತ್ರವನ್ನು ಮಾತ್ರ. ಮೀನಿನ ರಕ್ಷಣೆಯನ್ನು ಸಡಿಲಗೊಳಿಸುವ ಸಂಶಯವಾದರೆ ಅದಕ್ಕೆ ಇದರ ಅನೇಕ ಪಟ್ಟು ಪುರಾವೆ ಬೇಕು.

ಆದರೆ ರಕ್ಷಣೆಯ ಹೆಸರಿನಲ್ಲಿ ನಡೆಯುವುದೆಲ್ಲ ರಕ್ಷಣೆಯಾಗಿರುವುದಿಲ್ಲ. ಮೀನು ಕಡಿಮೆಯಾದ ನದಿಗೆ ಮರಿಕೇಂದ್ರದಲ್ಲಿ ಸಾಕಿದ ಮೀನುಗಳನ್ನು ತಂದು ಬಿಡುವುದು ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಯಾರೂ ಪ್ರಶ್ನಿಸದ ಪುಣ್ಯಕಾರ್ಯವಾಗಿತ್ತು. ಅಮೆರಿಕದ ಮೊಂಟಾನಾ ರಾಜ್ಯದ ಮೀನುಗಾರಿಕಾ ಜೀವಶಾಸ್ತ್ರಜ್ಞ ಡಿಕ್ ವಿನ್ಸೆಂಟ್ 1960ರ ದಶಕದ ಕೊನೆಯಿಂದ ಮ್ಯಾಡಿಸನ್ ನದಿಯ ಮೀನುಗಳನ್ನು ಎಣಿಸುತ್ತ ಬಂದು, ಅದುವರೆಗೆ ಮೀನು ಬಿಡುತ್ತಿದ್ದ ಭಾಗದಲ್ಲಿ ಬಿಡುವುದನ್ನು ನಿಲ್ಲಿಸಿ, ಎಂದೂ ಬಿಡದಿದ್ದ ಓಡೆಲ್ ತೊರೆಯಲ್ಲಿ ಬಿಡಲು ಆರಂಭಿಸಿ, ಎರಡನ್ನೂ ಹೋಲಿಸಿದನು. ನಿಲ್ಲಿಸಿದಲ್ಲಿ ಕಾಡು ಟ್ರೌಟ್‌ಗಳು ಹೆಚ್ಚಿದವು, ಆರಂಭಿಸಿದಲ್ಲಿ ಕುಗ್ಗಿದವು. ಗಾಳ ಹಾಕುವವರ ಮತ್ತು ಅವರನ್ನೇ ನಂಬಿದ ವ್ಯಾಪಾರಿಗಳ ವಿರೋಧದ ನಡುವೆಯೂ ರಾಜ್ಯವು 1974ರಲ್ಲಿ ಕಾಡು ಟ್ರೌಟ್ ನೆಲೆಸಿರುವ ಹರಿಯುವ ನೀರಿಗೆ ಸಾಕಿದ ಮೀನು ಬಿಡುವುದನ್ನು ನಿಲ್ಲಿಸಿತು. ಒಂದೇ ನದಿಯನ್ನು ಹಿಂದೆ ಹೇಗಿತ್ತು, ಈಗ ಹೇಗಿದೆ ಎಂದು ನೋಡಿ ಬಿಟ್ಟಿದ್ದರೆ ಮಳೆಯ ಕಾರಣವೆಂದೋ ಬಿಸಿಲಿನ ಕಾರಣವೆಂದೋ ತಳ್ಳಿಹಾಕಬಹುದಿತ್ತು. ಒಂದರಲ್ಲಿ ನಿಲ್ಲಿಸಿ ಇನ್ನೊಂದರಲ್ಲಿ ಆರಂಭಿಸಿದ್ದು ಆ ವಾದದ ಬಾಯಿ ಮುಚ್ಚಿಸಿತು. ಪ್ರಶ್ನಿಸುವುದಾದರೆ ಹೀಗೆ ಪ್ರಶ್ನಿಸಬೇಕು.

ಈ ಪಾಠ ಕರ್ನಾಟಕಕ್ಕೆ ನೇರವಾಗಿ ತಟ್ಟುವಂಥದ್ದು. ಕಾವೇರಿಯ ಮಹಸೀರ್ ಬಹುಮಟ್ಟಿಗೆ ರಾಗಿ ಹಿಟ್ಟಿನ ಉಂಡೆಗೂ ಸ್ಪೂನ್ ಎಂಬ ಲೋಹದ ಆಮಿಷಕ್ಕೂ ಸಿಗುತ್ತಿದ್ದ ಮೀನು, ಕೃತಕ ನೊಣಕ್ಕೆ ಸಿಕ್ಕದ್ದು ಕಡಿಮೆ. ಆದರೂ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಪ್ರಕಟಿಸಿದ ಗಾಳದ ಗ್ರಂಥದಿಂದ ಮೊದಲ್ಗೊಂಡು ಅದಕ್ಕೆ ಟ್ರೌಟಿನಷ್ಟೇ ದೊಡ್ಡ ಸಾಹಿತ್ಯಿಕ ಕೀರ್ತಿಯಿದೆ. ಆ ಕೀರ್ತಿಗೆ ಕಾರಣವಾದುದು ಕಾವೇರಿ ಜಲಾನಯನದಲ್ಲಿ ಮಾತ್ರ ಇರುವ, ಬೆನ್ನು ಗೂನಾದ ಕಿತ್ತಳೆ ರೆಕ್ಕೆಯ ಮಹಸೀರ್. 1970ರ ದಶಕದಿಂದ ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಬೇರೊಂದು ಜಾತಿಯ ಮಹಸೀರ್ ಮರಿಗಳನ್ನು ದೇಶದ ಅನೇಕ ನೀರುಗಳಿಗೆ ಹಂಚಲಾಯಿತು, ಕಾವೇರಿಗೂ ಅವು ಬಂದು ಸೇರಿದವು. ಕಾವೇರಿಯ ದಂಡೆಯ ಗಾಲಿಬೋರೆ ಶಿಬಿರದಲ್ಲಿ ಗಾಳ ಹಾಕಿದವರು 1998ರಿಂದ 2012ರವರೆಗೆ ಬರೆದಿಟ್ಟ, 6,000ಕ್ಕೂ ಹೆಚ್ಚು ಮೀನುಗಳ ದಾಖಲೆಯನ್ನು ಸಂಶೋಧಕರು 2015ರಲ್ಲಿ ವಿಶ್ಲೇಷಿಸಿದಾಗ ಕಂಡದ್ದು ಇದು: ಸಿಕ್ಕ ಮೀನುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚಿದೆ, ಸರಾಸರಿ ತೂಕ ಇಳಿದಿದೆ, ಹೆಚ್ಚಿದ್ದೆಲ್ಲ ನೀಲಿ ರೆಕ್ಕೆಯ ಜಾತಿ, ಕಿತ್ತಳೆ ರೆಕ್ಕೆಯದು ಕಣ್ಮರೆಯಾಗುತ್ತ ಬಂದಿದೆ. ಒಟ್ಟು ಸಂಖ್ಯೆಯನ್ನು ಮಾತ್ರ ನೋಡಿದವನಿಗೆ ಅದು ಸಂರಕ್ಷಣೆಯ ವಿಜಯದಂತೆ ಕಾಣುತ್ತಿತ್ತು, ಅನೇಕರಿಗೆ ಕಂಡೂ ಇತ್ತು. ಅಷ್ಟು ಪ್ರಸಿದ್ಧವಾದ ಮೀನಿಗೆ ಸರಿಯಾದ ವೈಜ್ಞಾನಿಕ ಗುರುತು ಸಿಕ್ಕಿದ್ದು 2018ರಲ್ಲಿ, ಟಾರ್ ರೆಮಾದೇವಿ ಎಂಬ ಹೆಸರಿನಿಂದ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೂ ಸೇರಿತು.

ಕಾವೇರಿಯ ಶಿಬಿರಗಳಲ್ಲಿ 2012ರ ಹೊತ್ತಿಗೆ ಗಾಳ ನಿಂತಿದ್ದರಿಂದ ಆ ದಾಖಲೆಯೂ ಅಲ್ಲಿಗೇ ನಿಂತಿತು. ಇನ್ನೂ ಗಾಳಕ್ಕೆ ಅನುಮತಿಯಿರುವ ನೀರುಗಳಲ್ಲಿ ಹಿಡಿದು ಬಿಡುವವರು ಪ್ರತಿ ಮೀನಿನ ಜಾತಿ, ತೂಕ, ಗಾಳ ಹಾಕಿದ ಗಂಟೆಗಳನ್ನು ಬೇರೆ ಬೇರೆಯಾಗಿ ಬರೆದಿಡಬೇಕು. ಮರಿಗಳನ್ನು ಬಿಡುವ ಇಲಾಖೆಗಳು, ಬಿಡುವ ಮೊದಲು, ಆ ನೀರಿನಲ್ಲಿ ಈಗಾಗಲೇ ಯಾವ ಜಾತಿ ಇದೆ ಎಂದು ಪರೀಕ್ಷಿಸಿ ಅದನ್ನು ಸಾರ್ವಜನಿಕರ ಮುಂದೆ ಇಡಬೇಕು.